ಬನ್ನಕ್ಕನ ಖಾಲಿ ಒಲೆ

ಸೋಮವಾರ ಗಾರೆ ಕೆಲಸದವನು ಬಂದು ಇಟ್ಟಿಗೆ ಒಲೆಯನ್ನು ಒಡೆಯುವುದೆಂದು ಮನೆಯಲ್ಲಿ ತೀರ್ಮಾನವಾದಾಗ ಬನ್ನಕ್ಕ ತುಟಿ ಬಿಚ್ಚಲಿಲ್ಲ. ಅವಳು ಸುಮ್ಮನಿರುವುದು ಆ ಮನೆಯಲ್ಲಿ ಅಪರೂಪ. ಹಾಗಾಗಿ ಎಲ್ಲರಿಗೂ ಸ್ವಲ್ಪ ಅಳುಕಾಯಿತು.

ಬನ್ನಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ವಯಸ್ಸು ಐವತ್ತು ದಾಟಿದೆ. ಮುಂಗೈಯಲ್ಲಿ ಒಲೆಯ ಬಾಯಿ ತಾಗಿದ ಹಳೆಯ ಕಲೆಗಳು, ಹುಬ್ಬಿನ ಮೇಲೆ ಸದಾ ಒಂದಿಷ್ಟು ಮೈದಾ. ಮನೆಯ ಹಿಂಬದಿಯ ಉದ್ದನೆಯ ಕೋಣೆಯೇ ಬೇಕರಿ, ಬೀದಿಗೆ ಬಾಗಿಲು ತೆರೆಯುವ ಮುಂದಿನ ಕೋಣೆಯೇ ಅಂಗಡಿ. ಗಂಡ ಹಿಟ್ಟು ನಾದುತ್ತಾನೆ, ಮೈದುನ ಅಂಗಡಿ ನೋಡಿಕೊಳ್ಳುತ್ತಾನೆ, ಅತ್ತೆ ಕಿಟಕಿಯ ಬಿಸಿಲಿಗೆ ಕುಳಿತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಾರೆ. ಒಲೆ ಮಾತ್ರ ಬನ್ನಕ್ಕನದು.

ಮಾವ ಕೈಯಾರೆ ಕಟ್ಟಿದ ಒಲೆ ಅದು. ಸೌದೆ ಉರಿಸಿ, ಕೆಂಡ ಹೊರಗೆಳೆದು, ಒದ್ದೆ ಬಟ್ಟೆಯಿಂದ ಒಳನೆಲ ಒರೆಸಿದ ಮೇಲೆ ಬನ್ನಕ್ಕ ಒಂದು ಚಿಟಿಕೆ ಹಿಟ್ಟನ್ನು ಒಳಗೆ ಎರಚುತ್ತಾಳೆ. ಹಿಟ್ಟು ತಕ್ಷಣ ಕಪ್ಪಾದರೆ ಕಾವು ಹೆಚ್ಚು, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ಮದುವೆಯಾಗಿ ಬಂದಂದಿನಿಂದ ಆ ಒಲೆಯ ಜೊತೆ ಅವಳು ಆಡಿದಷ್ಟು ಮಾತನ್ನು ಗಂಡನ ಜೊತೆ ಆಡಿಲ್ಲ. ಇದು ಗಂಡನದೇ ದೂರು. ದೂರಿಗಿಂತ ಸಮಾಧಾನವೇ ಅದರಲ್ಲಿ ಹೆಚ್ಚು ಎನ್ನುವವರೂ ಇದ್ದಾರೆ.

ಮೈದುನನ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಅಂಗಡಿಯ ಬ್ರೆಡ್ಡು ಬಿಸಿಲೇರುವ ಮೊದಲೇ ಮುಗಿಯುತ್ತಿತ್ತು. ಚೀಲ ಹಿಡಿದು ಬಂದವರು ಚೀಲ ಮಡಚಿಕೊಂಡು ಹೋಗುತ್ತಿದ್ದರು. ಈಗ ಆಸ್ಪತ್ರೆಯ ಅಡುಗೆಮನೆಯವರೂ ದಿನಾ ಬ್ರೆಡ್ಡು ಕೊಡುತ್ತೀರಾ ಎಂದು ಕೇಳಿದ್ದರು.

"ಒಲೆ ಚಿಕ್ಕದು ಅತ್ತಿಗೆ. ಅದು ತಾನೇ ಎಷ್ಟು ಅಂತ ಬೇಯಿಸತ್ತೆ? ಕರೆಂಟಿಂದು ತರೋಣ. ಇಡೋಕೆ ಜಾಗ ಬೇಕಲ್ಲ, ಇದನ್ನ ತೆಗೀಲೇಬೇಕು."

ಶನಿವಾರ ಸಂಜೆಯವರೆಗೂ ಬಾಯಿಗೆ ಬೀಗ ಹಾಕಿಕೊಂಡಿದ್ದ ಬನ್ನಕ್ಕ ಆಗ ಬೀಗ ತೆಗೆದಳು.

"ಒಲೆ ಸಾಲಲ್ಲ ಅಂತ ನಿಂಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಕಣ್ಣಿಗೆ ಕಾಣಲ್ವಾ?"

"ಗಲ್ಲಾಪೆಟ್ಟಿಗೆ ಹತ್ರ ಕೂತೋನಿಗೆ ಒಲೆ ಹೇಗಯ್ಯಾ ಕಾಣತ್ತೆ? ನಾಳೆ ಅಂಗಡೀನ ಅಣ್ಣನಿಗೆ ಒಪ್ಪಿಸಿ ಇಲ್ಲಿ ಬಂದು ಕೂರು. ಒಲೆ ಖಾಲಿ ಬಿದ್ದಾಗೆಲ್ಲ ಕೂಗು. ಒಂದು ಸಲಾನೂ ಕೂಗದೇ ಇದ್ರೆ ನಾನೇ ಮೊದಲನೇ ಇಟ್ಟಿಗೆ ಕೀಳ್ತೀನಿ."

ಭಾನುವಾರ ಬೆಳಿಗ್ಗೆ ಮೈದುನ ಮೈದಾ ಮೂಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಗಂಡ ಅಷ್ಟೂ ಹಿಟ್ಟನ್ನು ಮೊದಲೇ ನಾದಿಟ್ಟು ಅಂಗಡಿಗೂ ಒಳಗೂ ಓಡಾಡತೊಡಗಿದ. ಮೊದಲ ಸರದಿಯ ಬ್ರೆಡ್ಡು ತಗಡಿನ ಅಚ್ಚುಗಳಲ್ಲಿ ಒಳಗೆ ಹೋಯಿತು, ಹೊಂಬಣ್ಣಕ್ಕೆ ತಿರುಗಿ ಹೊರಗೆ ಬಂತು. ಬನ್ನಕ್ಕ ಕಾವು ಆರದಂತೆ ಒಲೆಯ ಬಾಯಿಗೆ ಕಬ್ಬಿಣದ ಮುಚ್ಚಳ ಇಟ್ಟು, ಸೆರಗಿನಲ್ಲಿ ಬೆವರು ಒರೆಸಿಕೊಂಡು ನಿಂತಳು.

ಮೈದುನ ಕಾದ. ಏನೂ ಆಗಲಿಲ್ಲ. ಕೊನೆಗೆ ಒಲ್ಲದ ಮನಸ್ಸಿನಿಂದ ಕೂಗಿದ:

"ಖಾಲಿ!"

"ಜೋರಾಗಿ!"

"ಖಾಲೀ!"

ಅಂಗಡಿಯ ಮುಂದೆ ನಿಂತಿದ್ದ ನಿವೃತ್ತ ಪೋಸ್ಟ್‌ಮನ್ ಇದನ್ನು ಕೇಳಿ ಚೀಲ ಮಡಚಿಕೊಂಡರು. "ಇಷ್ಟು ಬೇಗನೇ ಖಾಲಿನಾ? ನೀವು ಬಾಗಿಲು ತೆಗೆಯೋದಾದ್ರೂ ಯಾಕ್ರೀ?" ಎಂದು ಹೊರಟೇಬಿಟ್ಟರು. ಗಂಡ ಮೈದಾ ಮೆತ್ತಿದ ಕೈಯಲ್ಲೇ ಅವರ ಹಿಂದೆ ಓಡಿ, ಖಾಲಿಯಾಗಿರುವುದು ಒಲೆಯೇ ಹೊರತು ಅಂಗಡಿಯಲ್ಲ ಎಂದು ತಿಳಿಹೇಳಿ ಕರೆತರಬೇಕಾಯಿತು.

ಎರಡನೆಯ ಸರದಿಯ ನಂತರವೂ ಇದೇ ಕಥೆ. ಒಲೆ ಸುಮ್ಮನೆ ಕಾಯುತ್ತಿತ್ತು. ಬಾನಿಯಲ್ಲಿ ಹಿಟ್ಟು ಉಬ್ಬಿ ಅಂಚು ದಾಟಿ ಇಣುಕುತ್ತಿತ್ತು. ಮೈದುನ ಮೂಟೆಯಿಂದ ಇಳಿದ. ಹಿಂದೆ ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ದುಡಿದವನು ಅವನು. ಒಂದು ಕಡೆ ಕೆಲಸ ನಿಂತರೆ ಅದರ ಹಿಂದಿನ ಕಡೆ ನೋಡಬೇಕು ಎಂಬುದು ಗೊತ್ತಿತ್ತು.

"ಒಲೆ ಇದೆ, ಹಿಟ್ಟೂ ಇದೆ. ಮತ್ಯಾಕಣ್ಣಾ ಹಾಕ್ತಿಲ್ಲ?"

ಗಂಡ ಎರಡೂ ಕೈ ಬಿಡಿಸಿ ತೋರಿಸಿದ. "ಅಚ್ಚೆಲ್ಲಿದೆಯೋ?"

ಅಚ್ಚುಗಳೆಲ್ಲ ಗೋಡೆಯ ಪಕ್ಕದ ಮೇಜಿನ ಮೇಲೆ ಬೆಂದ ಬ್ರೆಡ್ಡನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಲಾಗಿ ಮಲಗಿದ್ದವು.

"ಬ್ರೆಡ್ಡು ಹೊರಗೆ ತೆಗೆದು ಅಚ್ಚು ಕೊಡಬಾರದಾ?"

ಗಂಡ ಸೂರು ನೋಡತೊಡಗಿದ. ಉತ್ತರ ಬನ್ನಕ್ಕನಿಂದ ಬಂತು.

"ತಣ್ಣಗಾಗೋವರೆಗೂ ಅಚ್ಚು ಮುಟ್ಟಬಾರದು."

"ಯಾಕೆ?"

"ಮುಟ್ಟಬಾರದು ಅಂದ್ರೆ ಮುಟ್ಟಬಾರದು. ಅತ್ತೆ ಹೇಳಿರೋದು."

ಅದು ಆ ಬೇಕರಿಯ ಕಟ್ಟಳೆ. ಅದನ್ನು ಮುರಿದವರಿಲ್ಲ, ಮುರಿಯಲು ಹೋದವರ ಕೈಗೆ ಬನ್ನಕ್ಕನ ಸೌಟು ಬಿದ್ದದ್ದುಂಟು. ಆದರೆ ಈಗ 'ಯಾಕೆ' ಎಂಬ ಪ್ರಶ್ನೆ ಅವಳನ್ನೂ ಹಿಡಿದುಕೊಂಡಿತು. ಉತ್ತರಕ್ಕೆ ಎಷ್ಟು ತಡಕಿದರೂ ಸಿಕ್ಕಿದ್ದು ಅತ್ತೆಯ ಮಾತು ಮಾತ್ರ. ಅವಳು ನೇರವಾಗಿ ಕಿಟಕಿಯ ಬಳಿಗೆ ನಡೆದಳು. ಗಂಡ, ಮೈದುನ ಇಬ್ಬರೂ ಹಿಂದೆ ಹೋದರು.

"ಅತ್ತೆ, ಬ್ರೆಡ್ಡು ಆರೋವರೆಗೂ ಅಚ್ಚು ಮುಟ್ಟಬೇಡ ಅಂತ ಯಾಕೆ ಹೇಳಿದ್ರಿ?"

"ನಾನಾ? ಯಾವಾಗ?"

"ನಾನು ಈ ಮನೆಗೆ ಬಂದಾಗ."

ನೆನಪಾಗುತ್ತಲೇ ಅತ್ತೆಯ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. ಮಡಿಲಿನ ದ್ರಾಕ್ಷಿಯೆಲ್ಲ ನೆಲಕ್ಕೆ ಚೆಲ್ಲಿತು.

"ಅಯ್ಯೋ ಹುಡುಗಿ! ಅದು ನಿಂಗೆ ಹೇಳಿದ್ದು ಕಣೇ, ಬೇಕರಿಗಲ್ಲ! ಅಚ್ಚಿಗೆ ಎಣ್ಣೆ ಸವರೋದ್ರಲ್ಲೂ ಆತುರ ನಿಂಗೆ, ಬ್ರೆಡ್ಡು ಕೀಳೋದ್ರಲ್ಲೂ ಆತುರ. ಅರ್ಧ ಕೈಗೆ, ಅರ್ಧ ಅಚ್ಚಿಗೆ. ಅದರ ಮೇಲೆ ದಿನಾ ಕೈ ಸುಟ್ಕೊಂಡು ಅಳ್ತಿದ್ದೆ. ಕೈ ಪಳಗೋವರೆಗೂ ಸುಮ್ಮನಿರಲಿ ಅಂತ ಹೇಳ್ದೆ."

"ಪಳಗಿದ ಮೇಲೆ ಇನ್ನು ಮುಟ್ಟು ಅಂತ ಹೇಳ್ಲೇ ಇಲ್ಲವಲ್ಲ!"

"ನೀನು ಕೇಳಿದ್ಯಾ? ಅತ್ತೆ ಮಾತನ್ನ ಸೊಸೆ ಇಷ್ಟು ವರ್ಷ ನಡೆಸ್ತಾಳೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ನಾನು ಹೇಳಿದ ಇನ್ನೊಂದು ಮಾತು ನಡೆಸಿದ್ದು ತೋರಿಸು ನೋಡೋಣ!" ಅತ್ತೆ ಕಣ್ಣೊರೆಸಿಕೊಂಡರು. "ಬಿಸಿ ಇರುವಾಗ್ಲೇ ತೆಗೀಬೇಕು ಕಣೇ. ಅಚ್ಚಲ್ಲೇ ಬಿಟ್ರೆ ಬೆವರಿ ತಳ ಒದ್ದೆ ಆಗತ್ತೆ."

ತಳ ಒದ್ದೆಯಾಗುವುದು ಕೆಟ್ಟ ಮೈದಾದಿಂದಲೇ ಎಂದು ಬನ್ನಕ್ಕ ಮೂರು ಮೈದಾ ಅಂಗಡಿಯವರ ಜೊತೆ ಜಗಳವಾಡಿದ್ದಳು. ಅವಳು ತಲೆಯ ಮೇಲೆ ಕೈಹೊತ್ತು ಅಲ್ಲೇ ನೆಲದ ಮೇಲೆ ಕುಳಿತಳು. ಮೊದಲು ನಕ್ಕವಳೂ ಅವಳೇ. ಮೈದುನನಿಗೆ ನಗಲು ಅಪ್ಪಣೆ ಸಿಕ್ಕಂತಾಯಿತು.

"ಅಂದ್ರೆ ಅತ್ತಿಗೆ, ನಮ್ಮ ಬೇಕರಿ ಗಂಟಲಲ್ಲಿ ಸಿಕ್ಕಿಕೊಂಡಿದ್ದು..."

"ಗೊತ್ತಾಯ್ತು, ನಾನೇ! ಏಳು, ಒಲೆ ಆರ್ತಿದೆ!"

ಅವಳು ಬಟ್ಟೆ ಹಿಡಿದು ಒಂದು ಅಚ್ಚನ್ನು ಕವುಚಿ ಬೆನ್ನಿಗೆ ತಟ್ಟಿದಳು. ಬ್ರೆಡ್ಡು ಇಡಿಯಾಗಿ, ನಾಲ್ಕೂ ಮೂಲೆ ಸಮೇತ ಜಾರಿ ಬಂತು. ತಳ ಗಟ್ಟಿಯಾಗಿ ಟಕಟಕ ಎಂದಿತು. ಆಮೇಲೆ ಅಚ್ಚು ಮೇಜಿನಿಂದ ಗಂಡನ ಕೈಗೆ, ಗಂಡನ ಕೈಯಿಂದ ಒಲೆಗೆ ಓಡಾಡತೊಡಗಿತು. ಹಬೆಯಾಡುವ ಬ್ರೆಡ್ಡಿಗೆ ಅಡಿಯಿಂದ ಗಾಳಿ ತಾಗುವಂಥ ಜಾಗ ಸಿಗದಿದ್ದಾಗ ಮೈದುನ ಹಿತ್ತಿಲಿನಿಂದ ಹಳೆಯ ಕಿಟಕಿ ಸರಳುಗಳ ಚೌಕಟ್ಟು ತಂದು ತೊಳೆದು ಇಟ್ಟಿಗೆಗಳ ಮೇಲೆ ಇರಿಸಿದ. ಅದೂ ತುಂಬಿತು. ಅಂಗಡಿ ಮುಚ್ಚುವ ಹೊತ್ತಿಗೂ ಮೇಜಿನ ಮೇಲೆ ಬ್ರೆಡ್ಡು ಉಳಿದಿದ್ದನ್ನು ಆ ಬೀದಿ ಮೊದಲ ಬಾರಿಗೆ ಕಂಡಿತು.

ಸೋಮವಾರ ಗಾರೆಯವನು ಸುತ್ತಿಗೆ ಹೆಗಲಿಗೇರಿಸಿ ಬಂದು ಒಲೆಯ ಮುಂದೆ ನಿಂತ. "ಎಲ್ಲಿಂದ ಶುರು ಮಾಡ್ಲಿ ಅಕ್ಕಾ?"

"ಆ ಗೋಡೆಯಿಂದ," ಬನ್ನಕ್ಕ ಎದುರು ಗೋಡೆ ತೋರಿಸಿದಳು. "ಸರಳು ನೆಟ್ಟು ಹಲಗೆ ಕೂರಿಸೋ ಹಾಗೆ ಮಾಡು. ಬ್ರೆಡ್ಡು ಆರಬೇಕು. ಒಲೆ ಕಡೆ ತಿರುಗಿ ನೋಡಿದ್ರೆ ನಿನ್ನ ಸುತ್ತಿಗೆ ನಿನ್ನ ಮನೆಗೆ ಹೋಗಲ್ಲ."

ಅವನು ಗೋಡೆ ಕೊರೆಯುತ್ತಿರುವಾಗಲೇ ಗಂಡ ಸೋತು ಸುಣ್ಣವಾಗಿ ಬಾನಿಯ ಅಂಚಿಗೆ ಒರಗಿದ. ಇಷ್ಟು ಕಾಲ ಅಚ್ಚು ಆರುವಷ್ಟು ಹೊತ್ತು ಅವನಿಗೊಂದು ಸಣ್ಣ ನಿದ್ದೆ ಸಿಗುತ್ತಿತ್ತು. ಈಗ ಅದಕ್ಕೂ ಕಲ್ಲು ಬಿದ್ದಿತ್ತು.

"ನನ್ನ ಎರಡು ಕೈ ಸಾಲಲ್ಲ ಇನ್ಮೇಲೆ," ಎಂದ.

ಬನ್ನಕ್ಕ ಮೈದುನನ ಕಡೆ ನೋಡಿದಳು. ಅವನು ಹಿಂದಕ್ಕೆ ಹೆಜ್ಜೆ ಇಟ್ಟ. "ನಾನು ಅಂಗಡಿ ಅತ್ತಿಗೆ..."

"ಅಂಗಡಿಗೆ ನಾನು ಕೂರ್ತೀನಿ," ಎಂದರು ಕಿಟಕಿಯ ಬಳಿಯಿಂದ ಅತ್ತೆ, ದ್ರಾಕ್ಷಿಯ ತಟ್ಟೆ ಬದಿಗಿಟ್ಟು ಏಳುತ್ತಾ. "ಎಷ್ಟು ದಿನ ಆಯ್ತು ಬೀದಿ ಮುಖ ನೋಡಿ!"

ಮೈದುನ ಅಂಗಿಯ ತೋಳು ಮಡಚಿ ಮೊಣಕೈವರೆಗೆ ಹಿಟ್ಟಿಗೆ ಇಳಿದ. ಬನ್ನಕ್ಕ ಒಲೆಯ ಮುಚ್ಚಳ ಸರಿಸಿ ಒಂದು ಚಿಟಿಕೆ ಹಿಟ್ಟು ಒಳಗೆ ಎರಚಿ, ಬಗ್ಗಿ ನೋಡುತ್ತಾ ನಿಂತಳು.

"ಬೇಗ ನಾದಯ್ಯಾ," ಎಂದಳು, "ಆಸ್ಪತ್ರೆಯೋರಿಗೆ ಹೂಂ ಅಂತ ಹೇಳಿ ಕಳಿಸಿದ್ದೀನಿ."