ಬಾಲಕ್ಕೆ ಕಟ್ಟಿದ ನಿಂಬೆಹಣ್ಣು

ಇವತ್ತು ಕೆ.ಆರ್. ಪೇಟೆಯ ಅಂಗಡಿಯೊಂದರಲ್ಲಿ ಯಾರೋ ಮಗುವಿನ ಪ್ರಾಜೆಕ್ಟಿಗೆ ಬಿಸಿ ಅಂಟು ಹಾಕುತ್ತಿದ್ದರು. ಆ ವಾಸನೆಗೆ ನಮ್ಮ ಹಳೆಯ ಪಡಸಾಲೆ ನೆನಪಾಯಿತು.

ಚಿಕ್ಕಪ್ಪ ಅಲ್ಲಿ ಕೂತು, ಫೋಮ್ ಬೋರ್ಡ್ ಕತ್ತರಿಸಿ ಅಂಟಿಸಿ, ರಿಮೋಟಿನಲ್ಲಿ ಹಾರುವ ವಿಮಾನ ಮಾಡುತ್ತಿದ್ದ. ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿ, ತೂಕ ಸಮನಾಗುವವರೆಗೆ ಬ್ಯಾಟರಿಯನ್ನು ಅತ್ತಿತ್ತ ಸರಿಸುತ್ತಿದ್ದ.

"ಇದು ಮ್ಯಾಲಕ್ಕೆ ಆರಿದ್ರೆ ಇನ್ನೊಂದು ಮಾಡ್ಕೊ. ಬಿದ್ರೆ ಈ ಆಟ ಬುಟ್ಟು ಗದ್ದೆಗೆ ಬಾ ಕಣ್ಲಾ," ಅಂದಿದ್ದರು ತಾತ.

ಹಾರಿಸುವ ದಿನ ಅಜ್ಜಿ ವಿಮಾನದ ಬಾಲಕ್ಕೆ ನಿಂಬೆಹಣ್ಣು ಕಟ್ಟಿದಳು.

"ಬಾಲ ಭಾರ ಆಯ್ತದೆ ಕಣವ್ವ," ಅಂದ ಚಿಕ್ಕಪ್ಪ.

"ಟ್ರಾಕ್ಟರಿಗೆ ಕಟ್ದಾಗ ಭಾರ ಆಯ್ತೇನ್ಲಾ? ಜನದ ಕಣ್ಣು ಸುಮ್ನಲ್ಲ."

ಅವಳ ಮುಖ ನೋಡಿ ಚಿಕ್ಕಪ್ಪ ಅದನ್ನು ಬಿಚ್ಚಲಿಲ್ಲ.

ಕೊಯ್ದ ಗದ್ದೆಯ ಮೇಲೆ ವಿಮಾನ ಮೂತಿ ಎತ್ತಿ ನೆಟ್ಟಗೆ ಏರಿತು, ಕ್ಷಣ ನಿಂತಂತಾಗಿ, ಬದುವಿಗೆ ಬಿದ್ದು ಮುರಿಯಿತು. ತಾತ ಮನೆಗೆ ನಡೆದರು.

"ಯಾಕ್ಲಾ ಬಿತ್ತು?" ಅಜ್ಜಿ ಕೇಳಿದಳು.

"ಗಾಳಿ ಜೋರಿತ್ತು ಕಣವ್ವ," ಅಂದ. ಅವತ್ತು ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಅವನು ಮತ್ತೆ ಅಂಟು ಮುಟ್ಟಲಿಲ್ಲ. ಇವತ್ತು ಊಟದ ಹೊತ್ತಿಗೆ ಆ ವಾಸನೆಯ ವಿಷಯ, ವಿಮಾನ ನೆನಪಾದದ್ದು ಹೇಳಿದೆ. "ಆಳಾದ್ ಗಾಳಿ," ಎಂದು ಅಜ್ಜಿ ಶಪಿಸಿದಳು. ಚಿಕ್ಕಪ್ಪ ತಲೆ ಎತ್ತದೆ ಉಣ್ಣುತ್ತಿದ್ದ.