ಒಂದೇ ಲೋಟದಲ್ಲಿ ಅವ್ವನ ಹಲ್ಲು, ಕೂಸಿನ ಪ್ಲೇಟು

ಆ ನೀರನ್ನು ನಾನು ಕುಡಿದೆನೋ, ಬರೀ ತುಟಿಗೆ ತಾಗಿಸಿ ಬಿಟ್ಟೆನೋ, ಈಗಲೂ ಗೊತ್ತಿಲ್ಲ. ಅರ್ಧ ಲೋಟ ಕುಡಿದೆ ಎನ್ನುತ್ತಾಳೆ ಅಕ್ಕ. ಅವಳ ಮಾತಿಗೆ ಸಾಕ್ಷಿಯಿಲ್ಲ. ನನ್ನ ಮಾತಿಗೂ ಇಲ್ಲ.

ಅಕ್ಕನ ಮಗಳು ಹುಟ್ಟುವಾಗಲೇ ತುಟಿ, ಅಂಗುಳ ಎರಡೂ ಸೀಳಿದ್ದವು. ತುಟಿ ಹೊಲಿದಾಗಿತ್ತು, ಅಂಗುಳದ ಆಪರೇಷನ್ ಬಾಕಿಯಿತ್ತು. ಅಲ್ಲಿಯವರೆಗೆ, ಕುಡಿದದ್ದು ಮೂಗಿಗೆ ನುಗ್ಗದಂತೆ ಅಂಗುಳಕ್ಕೊಂದು ಪುಟ್ಟ ಪ್ಲಾಸ್ಟಿಕ್ ಪ್ಲೇಟು. ಅಕ್ಕ ಮಳವಳ್ಳಿಯಿಂದ ಕೂಸನ್ನೆತ್ತಿಕೊಂಡು ಮದ್ದೂರಿನ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಆಗಷ್ಟೇ ಮೂಡಿದ್ದ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಮಚ್ಚೆ ಕಂಡು ಮಂಡ್ಯದ ಹಲ್ಲಿನ ಡಾಕ್ಟರು, "ಇದು ಹುಳುಕಿನ ಶುರು. ಬಾಯಿ ಚೊಕ್ಕಟವಾಗದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತೆ" ಎಂದಿದ್ದರು.

ನಾನು ಮೈಸೂರಲ್ಲಿ ಎಂ.ಎಸ್ಸಿ. ಮಾಡಿದವನು. ಸುಮ್ಮನಿರುವುದುಂಟೇ? ರಾಗಿ ಸರಿಯ ಬಿಸಿ ನೋಡಲು ಅವ್ವ ಚಮಚವನ್ನು ಮೊದಲು ತನ್ನ ಬಾಯಿಗಿಟ್ಟುಕೊಂಡದ್ದೇ ತಡ, ಅವಳ ಕೈ ಹಿಡಿದೆ.

"ಅವ್ವಾ, ನಿನ್ ಬಾಯಿಂದ ಬ್ಯಾಕ್ಟೀರಿಯಾ ಕೂಸಿಗೆ ಓಯ್ತದೆ."

"ನನ್ ಬಾಯಲ್ಲಿ ಒಂದ್ ಅಲ್ಲೂ ಇಲ್ಲ ಕಣ್ಲಾ, ಬರೀ ವಸಡು. ನಿನ್ ಉಳ ಏನ್ ನಾಲ್ಗೆ ಮ್ಯಾಲೆ ಗುಡ್ಲು ಆಕ್ಕಂಡದಾ?"

ಅಕ್ಕ ನಕ್ಕಳು. ಅವ್ವ ಹೇಳಿದ್ದೂ ನಿಜವೇ. ಕಟ್ಟಿಸಿಕೊಂಡ ಹಲ್ಲುಸೆಟ್ಟನ್ನು ಅವಳು ಮದುವೆಗೆ, ಬೀಗರೂಟಕ್ಕೆ ಮಾತ್ರ ಹಾಕುತ್ತಿದ್ದಳು. ಮಿಕ್ಕ ದಿನ ಅದು ಎಲ್ಲಿರುತ್ತದೆಂದು ನಾನು ಕೇಳಿರಲಿಲ್ಲ.

ವಾದ ಸೋತು ಗಂಟಲು ಒಣಗಿತ್ತು. ಅಡುಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲ್ ಲೋಟ ಎತ್ತಿ ಬಾಯಿಗಿಟ್ಟೆ. ಏನೋ ಕಟಕ್ಕೆಂದು ನನ್ನ ಹಲ್ಲಿಗೆ ಬಡಿಯಿತು. ಇಣುಕಿದರೆ ಅವ್ವನ ಹಲ್ಲುಸೆಟ್ಟು ನನ್ನನ್ನೇ ನೋಡಿ ನಗುತ್ತಿದೆ. ಅದರ ಮಡಿಲಲ್ಲಿ ಕೂಸಿನ ಪ್ಲೇಟು.

"ಅಯ್ಯೋ, ಎತ್ತಿಟ್ಟಿದ್ದನ್ನ ಕುಡೀತಾನಲ್ಲಪ್ಪ ಇವ್ನು!" ಎಂದಳು ಅವ್ವ. "ಎರಡೂ ಪ್ಲಾಸ್ಟಿಕ್ಕೇ ತಾನೆ, ಒಂದೇ ತಾವಿದ್ರೆ ಕಳ್ದೋಗಲ್ಲ ಅಂತ ಮಡಗಿದ್ದೆ."

"ನೀರು ಯಾಕವ್ವ ಸೀ ಅದೆ?"

"ಪ್ಲೇಟು ಸಪ್ಪೆ ಆದ್ರೆ ಕೂಸು ಉಗೀತದೆ. ಒಂದ್ಚೂರು ಬೆಲ್ಲ ಆಕಿದ್ದೆ, ಬುಡು."

ಅಕ್ಕ ನಗು ನಿಲ್ಲಿಸಿ ಲೋಟ ಕಿತ್ತುಕೊಂಡಳು. "ಸೀ ಅದೆ ಅಂತ ಕುಡೀದೆ ನಿಂಗೆಂಗ್ಲಾ ಗೊತ್ತಾಯ್ತು?"

ತುಟಿಗೆ ತಾಗಿದರೂ ಸಿಹಿ ತಿಳಿಯುತ್ತದೆ ಎಂಬುದು ಅಂದಿನಿಂದ ನನ್ನ ವಾದ.

ಆಮೇಲೆ ಪ್ಲೇಟಿಗೆ ಬೇರೆ ಡಬ್ಬಿ ಬಂತು, ಬೆಲ್ಲ ಬಂದ್ ಆಯಿತು. ಅವ್ವ ಚಮಚವನ್ನು ಕೆನ್ನೆಗೆ ತಾಗಿಸಿ ಬಿಸಿ ನೋಡತೊಡಗಿದಳು. ಬಂದವರೆಲ್ಲ ಕೆನ್ನೆಗೇನಾಯಿತೆಂದು ಕೇಳುವಷ್ಟು ರಾಗಿ ಮೆತ್ತಿಕೊಂಡಿರುತ್ತಿತ್ತು. ಮುಂದಿನ ಸಲ ಡಾಕ್ಟರು ಮಚ್ಚೆ ಹಬ್ಬಿಲ್ಲವೆಂದು ಆಪರೇಷನ್ನಿಗೆ ಒಪ್ಪಿದರು. ಆ ದಿನ ಅವ್ವ ಹಲ್ಲುಸೆಟ್ಟು ಹಾಕಿಕೊಂಡೇ ಮಂಡ್ಯಕ್ಕೆ ಬಂದಿದ್ದಳೆಂದು ನನ್ನ ನೆನಪು. ಅಕ್ಕ ಇದನ್ನೂ ಒಪ್ಪುವುದಿಲ್ಲ.

ಒಂದನ್ನು ಮಾತ್ರ ಡಾಕ್ಟರನ್ನೂ ಕೇಳಿ, ಪುಸ್ತಕವನ್ನೂ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಒಂದೂ ಹಲ್ಲಿಲ್ಲದ ಬಾಯಲ್ಲಿ ಹುಳುಕಿನ ಬ್ಯಾಕ್ಟೀರಿಯಾ ನೆಲೆ ನಿಲ್ಲುವುದು ಕಷ್ಟವೇ. ಆದರೆ ಪ್ಲಾಸ್ಟಿಕ್ ಸಿಕ್ಕರೆ ಅದರ ಮೇಲೆ ಗುಡಿಸಲು ಹಾಕಿಕೊಳ್ಳುತ್ತವೆ.