ಟಣ್ ಎಂದ ಆರು ಬಿಲ್ಲೆಗಳು

ಬೆಳಗಿನ ಐದೂವರೆ. ಚಾಮುಂಡಿ ಬೆಟ್ಟದ ದೀಪಗಳು ಇನ್ನೂ ಆರಿಲ್ಲ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಹಿನಕಲ್ಲಿನ ದೇವಿರಮ್ಮ ವಿದ್ಯುತ್ ಕುಲುಮೆಯ ಮುಂದೆ ಸೆರಗು ಬಿಗಿದು ನಿಂತಿದ್ದಾರೆ. ಒಳಗಿರುವುದು ಸೀರಿಯಂ ಆಕ್ಸೈಡ್ ಎಂಬ ಪುಡಿಯನ್ನು ಒತ್ತಿ ಮಾಡಿದ ಆರು ಬಿಲ್ಲೆ. ಹದಿನೈದು ದಿನದಲ್ಲಿ ಐವತ್ತು ಸಲ ಕಾದು, ಆರಿ ಬಂದಿವೆ. ಹಿಂದೆ ನಾಲ್ಕು ಸಲ ಮಾಡಿದವೆಲ್ಲ ಬಿರಿದುಹೋಗಿದ್ದವು. ಈ ಸಲದ ಉಪಾಯ ದೇವಿರಮ್ಮನದು. “ಎದೆ ಡವಡವ ಅಂತಾ ಅದೆ ಕಣ್ರೀ” ಎನ್ನುತ್ತಾರೆ.

ಈ ಬಿಲ್ಲೆ ಬಲು ಚಾಲಾಕಿ. ಚೆನ್ನಾಗಿ ಕಾಯಿಸಿದರೆ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಆಮೇಲೆ ನೀರಿನ ಹಬೆ ಹಾಯಿಸಿದರೆ, ಕಳೆದುಕೊಂಡದ್ದನ್ನು ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಉಳಿಯುವುದು ಹೈಡ್ರೋಜನ್, ಹೊಗೆಯಿಲ್ಲದ ಇಂಧನ! ಆದರೆ ಬಿರಿದ ಬಿಲ್ಲೆ ಯಾವ ಕೆಲಸಕ್ಕೂ ಬಾರದು.

ದೇವಿರಮ್ಮ ಇಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆ ಸಹಾಯಕಿ. ದಿನಕ್ಕೆ ನಾಲ್ಕು ಗಂಟೆ ಪುಡಿ ಅರೆಯುತ್ತಾರೆ. ಸೇರಿದ ಹೊಸತರಲ್ಲಿ ಪುಡಿ ಅರೆಯುವ ಪುಟ್ಟ ಕಲ್ಲಿನ ಒರಳನ್ನು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದ್ದರು; ಅದರ ಅಂಶ ಪುಡಿಗೆ ಸೇರಿ ಒಂದು ತಿಂಗಳ ಪ್ರಯೋಗವೇ ಕೆಟ್ಟಿತ್ತು. “ಫಳಫಳ ಹೊಳೀಲಿ ಅಂತ ಉಜ್ಜಿದ್ರೆ, ಎಲ್ರೂ ತಲೆ ಮೇಲೆ ಕೈ ಹೊತ್ಕೊಂಡ್ ಬುಟ್ರು!” ಎಂದು ಈಗ ನಗುತ್ತಾರೆ.

ಅವರ ಬಾಲ್ಯ ಕಳೆದದ್ದು ಇಟ್ಟಿಗೆ ಗೂಡಿನ ಪಕ್ಕ. ಇಂದು ಅಲ್ಲಿ ಮೂರಂತಸ್ತಿನ ಮನೆಗಳಿವೆ. “ಇಟ್ಟಿಗೆ ಮಣ್ಣಿಗೆ ಹೊಟ್ಟು ಕಲಸ್ತಿದ್ವಿ. ಸುಡುವಾಗ ಹೊಟ್ಟು ಉರ್ದೋಗಿ ಸಣ್ಣ ತೂತಾಯ್ತದೆ, ಇಟ್ಟಿಗೆ ಬಿರಿಯಾಕಿಲ್ಲ. ಇದಕ್ಕೂ ಅಂಗೇ ಮಾಡಿ ಮೇಡಂ ಅಂದ್ಬುಟ್ಟೆ.” ಕೆಲವರು ಮುಸಿಮುಸಿ ನಕ್ಕರು. ಸಂಶೋಧಕಿ ಮೈತ್ರೇಯಿ ನಗಲಿಲ್ಲ. ಹೊಟ್ಟಿನ ಬೂದಿ ಒಳಗೆ ಉಳಿದೀತೆಂದು, ಅದರ ಬದಲು ಪೂರ್ತಿ ಉರಿದುಹೋಗುವ ಶುದ್ಧ ಪಿಷ್ಟ ಬೆರೆಸಿದರು.

ಕುಲುಮೆಯ ಬಾಗಿಲು ತೆರೆಯುತ್ತದೆ. ಸೂಕ್ಷ್ಮದರ್ಶಕ ಪಕ್ಕದಲ್ಲೇ ಇದ್ದರೂ ಮೈತ್ರೇಯಿ ಅತ್ತ ತಿರುಗುವುದಿಲ್ಲ. “ನಿಮ್ ಕಿವಿ ಏನನ್ನುತ್ತೆ, ದೇವಿರಮ್ಮ?”

ಇಟ್ಟಿಗೆ ಪರೀಕ್ಷಿಸುವಂತೆ ದೇವಿರಮ್ಮ ಒಂದೊಂದನ್ನೇ ಚಿಮುಟದಲ್ಲಿ ಎತ್ತಿ ಗಾಜಿನ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ಬಿರುಕಿದ್ದರೆ ಒಡಕು ಸದ್ದು. ಮೊದಲನೆಯದು ಟಣ್. ಎರಡನೆಯದೂ ಟಣ್. ಐದನೆಯದರವರೆಗೂ ಅದೇ ಸದ್ದು. ಆರನೆಯದನ್ನು ಕಿವಿಯ ಹತ್ತಿರ ಹಿಡಿದು ತಟ್ಟುತ್ತಾರೆ.

ಟಣ್!

ಮೈತ್ರೇಯಿ ಕೂಗಿ ಅವರನ್ನು ಅಪ್ಪಿಕೊಳ್ಳುತ್ತಾರೆ. ಸಂತೋಷಕ್ಕೆ ಇಬ್ಬರ ಕಣ್ಣಲ್ಲೂ ನೀರು.

ಏನಾಸೆ ಎಂದು ಕೇಳಿದರೆ ದೇವಿರಮ್ಮ ನಾಚುತ್ತಾರೆ. “ಈ ಬಿಲ್ಲೆಯಿಂದ ಬರೋ ಗ್ಯಾಸಲ್ಲಿ ಎಲ್ರಿಗೂ ಒಂದೊಂದ್ ಲೋಟ ಕಾಫಿ ಕಾಯಿಸ್ಬೇಕು ಕಣ್ರೀ. ಕಡ್ಡಿ ಮಾತ್ರ ನಾನೇ ಗೀರ್ತೀನಿ.”